ಕಲ್ಲುತೊಟ್ಟಿಯ ಹತ್ತಿರ ಅರ್ಧ ಗಂಟೆ

ನನ್ನ ಯಜಮಾನರಿಗೆ ಕಾರು ಓಡಿಸುವುದಕ್ಕೆ ಬರುತ್ತದೆ, ನಾಲ್ಕು ಜನರ ಹತ್ತಿರ ಮಾತಾಡುವುದಕ್ಕೆ ಬರುವುದಿಲ್ಲ. ಬೈಯುವುದಕ್ಕೆ ಬರುತ್ತದೆ, ಅದು ಬೇರೆ ವಿಷಯ. ಇದನ್ನು ಅವರ ಮುಖಕ್ಕೇ ಎಷ್ಟೋ ಸಲ ಹೇಳಿದ್ದೇನೆ. ಈಗ ಬರೆಯುವುದಕ್ಕೆ ಅಂಜಿಕೆ ಯಾಕೆ?

ಅರವತ್ತೊಂದನೇ ಇಸವಿಯ ಶ್ರಾವಣ. ಒಂದು ಮಧ್ಯಾಹ್ನ ಅವರು ಬಂದು ಕಾರಿನ ಬಾಗಿಲು ಬಡಿದ ರಭಸಕ್ಕೆ ಲಾಯದಲ್ಲಿದ್ದ ಕುದುರೆ ಬೆಚ್ಚಿ ಕಾಲು ಝಾಡಿಸಿತು. ಈರನಗೆರೆಯ ನಮ್ಮ ಮನೆಗೆ ಇರುವುದು ಒಂದೇ ಲಾಯ. ಅದರೊಳಗೆ ನನ್ನ ಮಾವ ಜವರಯ್ಯನವರ ಜಟಕಾ, ಅವರ ಕುದುರೆ ಮೋತಿ. ಯಜಮಾನರ ಲ್ಯಾಂಡ್‌ಮಾಸ್ಟರ್ ಕಾರು ಮಾತ್ರ ಬೀದಿಯಲ್ಲಿ, ಬಿಸಿಲಲ್ಲಿ, ಕಾಗೆಗಳ ಕೆಳಗೆ. ಕುದುರೆಯನ್ನು ಕೊಟ್ಟು ಲಾಯ ಖಾಲಿ ಮಾಡು ಅಂತ ಮಗ, ನಾನು ಸತ್ತಮೇಲೆ ಮಾಡಿಕೋ ಅಂತ ಅಪ್ಪ. ಈ ಜಗಳ ನಮ್ಮ ಮನೆಯಲ್ಲಿ ಮುದ್ದೆಯಷ್ಟೇ ದಿನನಿತ್ಯದ್ದು.

"ಏನಾಯ್ತು?" ಅಂದೆ.

"ಏನಾಗ್ಬೇಕು? ವೆಂಕಟಸುಬ್ಬಯ್ಯ ಎಲ್ಲಾರೆದುರಿಗೂ ನನ್ನ ಮಾನ ಕಳದ."

ವೆಂಕಟಸುಬ್ಬಯ್ಯ ಧನ್ವಂತ್ರಿ ರಸ್ತೆಯ ಒಂದು ಲಾಡ್ಜಿನ ಮ್ಯಾನೇಜರು. ಹೊರಗಿನಿಂದ ಬಂದು ಇಳಿದುಕೊಂಡವರಿಗೆ ಶ್ರೀರಂಗಪಟ್ಟಣ ತೋರಿಸುವ ಬಾಡಿಗೆಯನ್ನು ಅವರು ನಮಗೇ ಕೊಡುತ್ತಿದ್ದರು. ಮೊದಲು ಮಾವನ ಜಟಕಾಕ್ಕೆ, ಮೂರು ವರ್ಷದಿಂದ ಯಜಮಾನರ ಕಾರಿಗೆ. ಕಾವೇರಿ ಎರಡಾಗಿ ಸೀಳಿ ಸುತ್ತಿಕೊಂಡ ಊರು ಅದು, ಹಾಗಾಗಿ ಲಾಡ್ಜಿನ ಬೋರ್ಡಿನಲ್ಲಿ ಅದನ್ನು ದ್ವೀಪ ಅಂತ ಬರೆದಿದ್ದಾರೆ. ನಾವು ಯಾರೂ ಹಾಗನ್ನುವುದಿಲ್ಲ. ನಮಗದು ಪಟ್ಟಣ, ಅಷ್ಟೆ. ಒಂದು ಮನೆಯವರಿಗೇ ಒಂದು ಕಾರು, ಜೊತೆಗೆ ವಿವರಿಸಿ ಹೇಳುವವರು, ಬೆಳಗ್ಗಿಂದ ಸಂಜೆಯತನಕ ಇಡೀ ದಿನ. ಬೋರ್ಡಿನಲ್ಲಿ ಇದ್ದದ್ದು ಹಾಗೆ.

"ಇವತ್ತಿನ ಡೆಲ್ಲಿಯವರನ್ನ ಎಷ್ಟೊತ್ತಿಗೆ ವಾಪಸ್ ಕರ್ಕೊಂಡು ಬಂದ್ರಿ?" ಅಂದೆ.

"ಹನ್ನೊಂದಕ್ಕೆ."

"ಇಡೀ ದಿನ ಅಂತ ಹೇಳಿ ಹನ್ನೊಂದಕ್ಕಾ?"

"ಇನ್ನೇನ್ ಮಾಡ್ಲಿ? ಎಲ್ಲಾ ತೋರ್ಸಾಯ್ತು. ದೇವಸ್ಥಾನ, ಕೋಟೆ, ದರಿಯಾ ದೌಲತ್ತು, ಗುಂಬಜ್ಜು, ಸಂಗಮ. ಕಾರು ಕಣೇ ಇದು, ಎತ್ತಿನ ಗಾಡಿ ಅಲ್ಲ."

"ಬಾಯಲ್ಲಿ ಏನು ಹೇಳಿದ್ರಿ?"

"ಹೇಳ್ಬೇಕಾದ್ದು ಹೇಳ್ದೆ. ಟೆಂಪಲ್ಲು, ಓಲ್ಡು ಅಂದೆ. ಗುಂಬಜ್ಜಲ್ಲಿ ಟಿಪ್ಪು, ಡೆಡ್ಡು ಅಂದೆ."

ಲಾಯದ ಒಳಗಿನಿಂದ ಗೊರಗೊರ ನಗು ಬಂತು.

"ನಗ್ಬೇಡ ಅಪ್ಪಾ!"

"ನಾನೆಲ್ಲಿ ನಕ್ಕೆ? ಮೋತಿ ನಕ್ತು" ಅಂದರು ಮಾವ.

ವೆಂಕಟಸುಬ್ಬಯ್ಯ ಖಂಡತುಂಡವಾಗಿ ಹೇಳಿ ಕಳಿಸಿದ್ದರು. ಗಣೇಶನ ಹಬ್ಬ ಕಳೆದು ಬೊಂಬಾಯಿಯಿಂದ ಒಂದು ಸಂಸಾರ ಬರುತ್ತದೆ. ಅವರಿಗೆ ಇಂಗ್ಲಿಷಿನಲ್ಲಿ ಸರಿಯಾಗಿ ಹೇಳುವ ಒಬ್ಬರನ್ನು ಕಾರಿನ ಜೊತೆ ಕರೆದುಕೊಂಡು ಬಾ. ಅವರು ಮೆಚ್ಚಿದರೆ ದಸರಾ ಬಾಡಿಗೆ ಎಲ್ಲಾ ನಿನ್ನದು. ಇಲ್ಲವಾದರೆ ಇನ್ನೊಬ್ಬ ಡ್ರೈವರಿದ್ದಾನೆ, ಅವನ ಭಾವಮೈದ ಬಿ.ಎ. ಓದಿದ್ದಾನೆ.

ನನ್ನ ಮಗಳು ಚಂದ್ರಮತಿ ಒಲೆಯ ಮುಂದೆ ಹುರುಳಿ ಬೇಯಿಸುತ್ತಿದ್ದಳು. ಹದಿನೆಂಟು ವರ್ಷ. ಆ ವರ್ಷವೇ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದಳು. ಅಲ್ಲಿಂದಲೇ ಹೇಳಿದಳು, "ನಾನು ಹೇಳ್ತೀನಿ ಅಪ್ಪಾ."

"ಏನು ಹೇಳ್ತೀಯ?"

"ಪಟ್ಟಣದ ವಿಷ್ಯ. ಇಂಗ್ಲಿಷಲ್ಲಿ."

ಯಜಮಾನರು ತಟ್ಟೆಯ ಮುಂದೆ ಕೂತವರು ಹಾಗೇ ಎದ್ದರು. "ಹೆಣ್ಣುಮಗಳು ಕಂಡೋರ ಜೊತೆ ಕಾರಲ್ಲಿ ಕೂತ್ಕೊಂಡು ಊರು ತೋರ್ಸೋದಾ? ಹೂಟಗಳ್ಳಿಯೋರಿಗೆ ಗೊತ್ತಾದ್ರೆ ಆಮೇಲೆ?"

ಹೂಟಗಳ್ಳಿಯ ಗೋವಿಂದರಾಜು ತಮ್ಮ ಮಗನಿಗೆ ಅವಳನ್ನು ಕೇಳಿದ್ದರು. ಹುಡುಗ ಒಳ್ಳೆಯವನೇ, ಬೇಸಾಯದ ಮನೆ. ಆದರೆ ಅವನ ತಾಯಿ ನನ್ನ ಮನೆಯಲ್ಲಿ ನನ್ನ ಕಾಫಿ ಕುಡಿಯುತ್ತಾ ಹೇಳಿದ್ದಳು, "ಇಷ್ಟು ಓದ್ಸಿದ್ದೇ ಹೆಚ್ಚಾಯ್ತು ಕಣಮ್ಮ. ಇನ್ನು ಹೊಸಲು ದಾಟಕ್ಕೆ ಬುಡಬ್ಯಾಡಿ." ನಾನು ಇಲವಾಲದ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿಗೆ ನಿಂತವಳು. ನನ್ನನ್ನು ಬಿಡಿಸಿದಾಗಲೂ ಯಾರೋ ಹೀಗೇ ಕಾಫಿ ಕುಡಿಯುತ್ತಾ ಹೇಳಿರಬೇಕು.

"ಗೊತ್ತಾಗ್ಲಿ" ಅಂದೆ. "ನಾನೇ ಹೋಗಿ ಹೇಳ್ಬರ್ಲಾ?"

"ಕೆಂಚಮ್ಮಾ, ನಿನ್ನ ಬಾಯಿ ಜಾಸ್ತಿಯಾಯ್ತು."

"ನಿಮ್ಮದು ಕಮ್ಮಿಯಾದ್ದಕ್ಕೇ ಅಲ್ವಾ ಲಾಡ್ಜಿನೋರು ಓಡಿಸಿದ್ದು?"

ಅವರು ಕೈ ತೊಳೆದು ಹೊರಗೆ ಹೋದರು. ಕತ್ತಲಾಗುವ ಹೊತ್ತಿಗೆ ಬಂದು, ನನ್ನ ಮುಖ ನೋಡದೆ ಗೋಡೆಗೆ ಹೇಳಿದರು. "ಒಂದೇ ಒಂದು ಸಲ. ನೀನೂ ಕಾರಲ್ಲಿ ಇರ್ಬೇಕು. ಲಾಡ್ಜಿನವನು ಬ್ಯಾಡ ಅಂದ್ರೆ ಮಾರ್ನೇ ದಿನವೇ ಹೂಟಗಳ್ಳಿಗೆ ಹೋಗಿ ಹೂಂ ಅಂದ್ಬತ್ತೀನಿ. ಆಗ ಅವ್ವ ಮಗಳು ಇಬ್ರೂ ತುಟಿ ಬಿಚ್ಚಬಾರ್ದು."

ನಾನು ಬಾಯಿ ತೆರೆಯುವಷ್ಟರಲ್ಲಿ ಚಂದ್ರಮತಿ "ಆಯ್ತು" ಅಂದುಬಿಟ್ಟಳು.

ಹೇಳುತ್ತೇನೆ ಅಂದಳೇ ಹೊರತು ಅವಳಿಗೆ ಪಟ್ಟಣದ ವಿಷಯ ಏನು ಗೊತ್ತಿತ್ತು? ಸ್ಕೂಲಿನ ಪುಸ್ತಕದಲ್ಲಿದ್ದ ನಾಲ್ಕು ಇಸವಿ. ಗೊತ್ತಿದ್ದದ್ದು ಮಾವನಿಗೆ. ನಲವತ್ತು ವರ್ಷ ಅಲ್ಲಿಗೆ ಗಿರಾಕಿಗಳನ್ನು ಕರೆದುಕೊಂಡು ಹೋದವರು. ದೊಡ್ಡ ಗಡಿಯಾರದ ಹತ್ತಿರದ ಜಟಕಾ ಸ್ಟ್ಯಾಂಡಿನಲ್ಲಿ ನಾಲ್ಕು ಗಾಡಿ ಖಾಲಿ ನಿಂತಿದ್ದರೂ ಜನ ಜವರಯ್ಯ ಬರಲಿ ಅಂತ ಕಾಯುತ್ತಿದ್ದರಂತೆ.

ಚಂದ್ರಮತಿ ಬೆಳಗ್ಗೆ ನೋಟ್‌ಬುಕ್ ಹಿಡಿದು ಲಾಯಕ್ಕೆ ಹೋದಳು. ಮಾವ ಮೋತಿಯ ಮೈ ಉಜ್ಜುತ್ತಿದ್ದರು.

"ತಾತ, ದೇವಸ್ಥಾನದಿಂದ ಶುರು ಮಾಡು."

"ಇಲ್ಲಿ ಎಂಗೆ ಹೇಳ್ಲಿ? ಕುದುರೆ ಹೂಡ್ದೆ ನಂಗೆ ಮಾತು ಬರಕಿಲ್ಲ ಕಣಮ್ಮಿ."

"ಬಾಯಲ್ಲಿ ಹೇಳೋದಕ್ಕೆ ಕುದುರೆ ಯಾಕೆ?"

"ನಿಮ್ಮಪ್ಪನ ಕಾರಲ್ಲಿ ಕಲ್ತ್ಕೋ ಓಗು. ಟಿಪ್ಪು, ಡೆಡ್ಡು."

ಅವರ ಹಟ ನನಗೆ ಗೊತ್ತು. ಅದಕ್ಕೇ ಮೂರು ಭಾನುವಾರ ಐದು ಗಂಟೆಗೆಲ್ಲಾ ಎದ್ದು, ಬುತ್ತಿ ಕಟ್ಟಿ, ಜಟಕಾ ಹತ್ತಿ ಪಟ್ಟಣಕ್ಕೆ ಹೋದೆವು. ಮುಂದೆ ಮಾವ, ಹಿಂದೆ ಹುಲ್ಲಿನ ಮೇಲೆ ನಾನು, ಮಗಳು. ಒಂಬತ್ತು ಮೈಲಿ. ಮಾವ ಅವತ್ತಿಗೆಂದೇ ತಮ್ಮ ಹಳೆಯ ಕರಿ ಕೋಟು ಹಾಕಿಕೊಂಡು, ಬಿಳಿ ರುಮಾಲು ಸುತ್ತಿದ್ದರು. ನಮ್ಮನ್ನು ಮನೆಯವರ ಹಾಗೆ ಮಾತಾಡಿಸಲೇ ಇಲ್ಲ. "ಬನ್ನಿ ಸ್ವಾಮಿ, ಇಳೀರಿ ಸ್ವಾಮಿ" ಅಂತ ಗಿರಾಕಿಗಳ ಹಾಗೇ ನಡೆಸಿಕೊಂಡರು. ಚಂದ್ರಮತಿ ನಗು ತಡೆಯಲಾಗದೆ ಸೆರಗು ಬಾಯಿಗೆ ಇಟ್ಟುಕೊಂಡಳು.

ಹೊಳೆಯ ಸೇತುವೆ ಬಂದಾಗ ಗಾಡಿ ನಿಲ್ಲಿಸಿದರು. "ಇಲ್ಲಿ ಇಳ್ದು ನಡೀಬೇಕು ಸ್ವಾಮಿ. ಕಾವೇರಿ ತಾಯೀನ ಕೂತ್ಕೊಂಡು ದಾಟಬಾರ್ದು." ನಾವು ಇಳಿದು ನಡೆದೆವು. ಅವಳು ಬರೆದುಕೊಂಡಳು: ಸೇತುವೆ, ಇಳಿದು ನಡೆಯುವುದು.

ಮೊದಲು ಮಲಗಿದ ರಂಗನಾಥನ ದೇವಸ್ಥಾನ. ಆಮೇಲೆ ಕೋಟೆ, ಹೊಳೆಗೆ ಇಳಿಯುವ ಬಾಗಿಲು, ಟಿಪ್ಪು ಬಿದ್ದ ಜಾಗ. ಮಾವನ ಬಾಯಿಗೆ ನಿಜವಾಗಿಯೂ ಕುದುರೆಯೇ ಬೇಕಾಗಿತ್ತು. ಲಾಯದಲ್ಲಿ ಒಂದು ಮಾತಿಗೆ ನಾಲ್ಕು ಸಲ ಕೆಮ್ಮುವವರು ಅಲ್ಲಿ ಕೆಮ್ಮಲೇ ಇಲ್ಲ. ದರಿಯಾ ದೌಲತ್ತಿನ ಗೋಡೆಯ ಮೇಲೆ ಬರೆದಿರುವ ಯುದ್ಧದ ಮುಂದೆ ನಿಂತು, ಯಾವ ಕುದುರೆ ಯಾವ ಕಾಲು ಎತ್ತಿದೆ, ಯಾವನು ಹೆದರಿ ಹಿಂದೆ ನೋಡುತ್ತಿದ್ದಾನೆ ಅಂತ ಬೆರಳಿಟ್ಟು ತೋರಿಸಿದರು. ಆ ಅರಮನೆಗೆ ಇಪ್ಪತ್ತು ನಿಮಿಷ ಕೊಟ್ಟರು. ನೋಟ್‌ಬುಕ್ಕಿನಲ್ಲಿ ಅದೂ ಬಂತು.

ಅಲ್ಲಿಂದ ಗಂಜಾಮಿನ ದಾರಿಯಲ್ಲಿ ಒಂದು ಹುಣಸೆಮರ. ಅದರ ಕೆಳಗೆ ಕಾಲುವೆ ಪಕ್ಕದಲ್ಲಿ ಒಂದು ಕಲ್ಲುತೊಟ್ಟಿ. ಮಾವ ಗಾಡಿ ನಿಲ್ಲಿಸಿ, "ಇಲ್ಲಿ ಅರ್ಧ ಗಂಟೆ ಸ್ವಾಮಿ" ಅಂದರು. ಕುದುರೆ ಬಿಚ್ಚಿ ತಾವು ಮರದ ಬುಡದಲ್ಲಿ ಕೂತು, ಇಪ್ಪತ್ತನಾಲ್ಕನೇ ಇಸವಿಯ ಪ್ರವಾಹದ ಕಥೆ ತೆಗೆದರು. ಹೊಳೆ ಹೇಗೆ ಏರಿತು, ತಾವು ಒಂದು ಹಗಲೆಲ್ಲಾ ಇದೇ ಮರದ ಕೊಂಬೆ ಮೇಲೆ ಹೇಗೆ ಕೂತಿದ್ದರು, ಕೆಳಗೆ ಏನೇನು ತೇಲಿಹೋಯಿತು. ನಡುನಡುವೆ ಎದ್ದು ಹೋಗಿ ಬಂದು, ಬಿಟ್ಟಲ್ಲಿಂದಲೇ ಹೇಳಿದರು. ಮೂರು ಭಾನುವಾರವೂ ಅದೇ ಜಾಗ, ಅದೇ ಅರ್ಧ ಗಂಟೆ. ಅವಳು ಬರೆದುಕೊಂಡಳು: ಕಲ್ಲುತೊಟ್ಟಿ, ಮುಖ್ಯ ಸ್ಥಳ, ಅರ್ಧ ಗಂಟೆ. ಕೆಳಗೆ ಎರಡು ಗೆರೆ ಎಳೆದಳು.

ನನಗೆ ಆಗಲೇ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ನಾನೂ ಬಾಯಿ ತೆರೆದುಕೊಂಡು ಪ್ರವಾಹದ ಕಥೆ ಕೇಳುತ್ತಾ ಕೂತಿದ್ದೆ.

ಆಮೇಲೆ ಗುಂಬಜ್, ಅದರ ಕರಿಮರದ ಬಾಗಿಲಿನ ದಂತದ ಕುಸುರಿ. ಕೊನೆಗೆ ಹೊಳೆ ಮತ್ತೆ ಒಂದಾಗುವ ಸಂಗಮ. ಮನೆಗೆ ಬರುವಾಗ ಸಂಜೆ.

ಮನೆಯಲ್ಲಿ ಯಜಮಾನರು ತಣ್ಣಗಿನ ಮುದ್ದೆ ತಿಂದು ಕೆಂಡವಾಗಿರುತ್ತಿದ್ದರು. "ನಾನು ಮುಕ್ಕಾಲು ಗಂಟೆಲಿ ತೋರ್ಸೋದನ್ನ ನಿಮ್ಮ ಮಾವ ಇಡೀ ದಿನ ತೋರುಸ್ತಾರೆ."

"ಅದಕ್ಕೇ ಜನ ಅವರನ್ನ ಕೇಳ್ತಿದ್ದಿದ್ದು."

"ಏನಿದು, ಸಾರಿಗೆ ಮತ್ತೆ ಹುರುಳಿಕಟ್ಟು? ಕಾಳು ಕುದುರೆಗೆ, ಕಟ್ಟು ನಂಗೆ!"

"ಬೇಕಾದ್ರೆ ನಾಳೆಯಿಂದ ಅದಲು ಬದಲು ಮಾಡ್ತೀನಿ."

ಮಾವ ಮೂಲೆಯಿಂದ, "ಕೊಡಬ್ಯಾಡ ಕಣಮ್ಮ, ಮೋತಿ ಒಪ್ಪಾಕಿಲ್ಲ" ಅಂದರು.

ಎರಡು ವಾರ ಚಂದ್ರಮತಿ ರಾಗಿ ಬೀಸಿಸಿಕೊಂಡು ಬರುವಾಗ, ಬೀದಿ ನಲ್ಲಿಯ ಮುಂದೆ ಬಿಂದಿಗೆ ಇಟ್ಟು ನಿಂತಾಗ, ಪಾತ್ರೆ ತಿಕ್ಕುವಾಗ ಇಂಗ್ಲಿಷಿನಲ್ಲಿ ತುಟಿ ಆಡಿಸುತ್ತಲೇ ಇದ್ದಳು. ಸಾಯಂಕಾಲ ಲಾಯದಲ್ಲಿ ಮಾವನ ಮುಂದೆ ಒಪ್ಪಿಸುತ್ತಿದ್ದಳು. ಅವರಿಗೆ ಒಂದಕ್ಷರ ಅರ್ಥವಾಗದು. ಆದರೂ ಕೇಳಿ, "ದರಿಯಾ ದೌಲತ್ತಿಗೆ ಇನ್ನೂ ಸ್ವಲ್ಪ ಎಳೀಬೇಕು. ಅಲ್ಲಿ ಅವಸರ ಮಾಡ್ದೆ" ಅನ್ನುತ್ತಿದ್ದರು. ಸರಿಯಾಗಿಯೇ ಹೇಳುತ್ತಿದ್ದರು, ಅವಳು ಅಲ್ಲೇ ಒಂದು ಸಾಲು ಬಿಟ್ಟಿರುತ್ತಿದ್ದಳು.

ಬೊಂಬಾಯಿಯವರು ಬಂದರು. ಗಂಡ, ಹೆಂಡತಿ, ಗಂಡನ ತಾಯಿ. ಗಂಡನಿಗೆ ದಪ್ಪ ಕನ್ನಡಕ, ಕೈಯಲ್ಲಿ ದೊಡ್ಡ ಗಡಿಯಾರ. ತಾಯಿ ಎಪ್ಪತ್ತರ ಹತ್ತಿರ, ಬಿಳಿ ಸೀರೆ, ಇಂಗ್ಲಿಷ್ ಬಾರದು. ಮೂವರೂ ಹಿಂದೆ ಕೂತರು. ಮುಂದೆ ಯಜಮಾನರು, ನಡುವೆ ನಾನು, ಕಿಟಕಿಯ ಕಡೆ ಚಂದ್ರಮತಿ, ತೊಡೆಯ ಮೇಲೆ ನೋಟ್‌ಬುಕ್. ನನ್ನ ಕಾಲಡಿ ಬುತ್ತಿಯ ಬುಟ್ಟಿ, ಮಜ್ಜಿಗೆಯ ಕ್ಯಾನು.

ಸೇತುವೆಯ ಹತ್ತಿರ ಚಂದ್ರಮತಿ, "ಅಪ್ಪಾ, ನಿಲ್ಸಿ. ಇಳ್ದು ನಡೀಬೇಕು" ಅಂದಳು.

"ಯಾಕೆ?"

"ತಾತ ಹೇಳಿದ್ದು."

"ಅದು ಕುದ್ರೆಗೆ..." ಅಂತ ಬಾಯಿ ತೆರೆದವರು ಹಿಂದೆ ಕೂತವರನ್ನು ನೋಡಿ ಹಲ್ಲು ಕಚ್ಚಿ ನಿಲ್ಲಿಸಿದರು. ಬೊಂಬಾಯಿಯವರು ಇಳಿದು ನಡೆದರು. ಹಿಂದೆ ನಮ್ಮ ಕಾರು ಬಸವನಹುಳುವಿನ ಹಾಗೆ, ಅದರ ಹಿಂದೆ ಒಂದು ಲಾರಿ ಹಾರ್ನ್ ಹೊಡೆಯುತ್ತಾ. ಮಳೆಗಾಲದ ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಮುದುಕಮ್ಮ ಸೇತುವೆಯ ನಡುವೆ ನಿಂತು ನೀರಿಗೆ ಕೈ ಮುಗಿದು, ಸೊಂಟದಿಂದ ಒಂದು ನಾಣ್ಯ ತೆಗೆದು ಎಸೆದಳು. ಆಗ ನನಗೆ ಸ್ವಲ್ಪ ಧೈರ್ಯ ಬಂತು.

ದೇವಸ್ಥಾನ ಚೆನ್ನಾಗಿ ಆಯಿತು. ಕೋಟೆಯೂ ಆಯಿತು. ಚಂದ್ರಮತಿ ಮೊದಲು ನೋಟ್‌ಬುಕ್ ನೋಡಿಕೊಂಡು ಹೇಳುತ್ತಿದ್ದವಳು, ದರಿಯಾ ದೌಲತ್ತಿಗೆ ಬರುವ ಹೊತ್ತಿಗೆ ಅದನ್ನು ಕಂಕುಳಲ್ಲಿಟ್ಟು, ತಾತನ ಹಾಗೇ ಬೆರಳಿಟ್ಟು ಕುದುರೆಗಳ ಕಾಲು ತೋರಿಸುತ್ತಿದ್ದಳು. ಬೊಂಬಾಯಿಯ ಹೆಂಗಸು ಏನೇನೋ ಕೇಳಿದಳು, ಇವಳು ತಡವರಿಸದೆ ಉತ್ತರ ಕೊಟ್ಟಳು. ಯಜಮಾನರು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ನಾನು ನೋಡಿದ ಕೂಡಲೇ ಬೀಡಿ ಹುಡುಕುವವರ ಹಾಗೆ ಜೇಬು ತಡಕಿದರು.

ಕಾರು ಗಂಜಾಮಿನ ದಾರಿಗೆ ಬಂತು.

"ಅಪ್ಪಾ, ಹುಣಸೆಮರದ ಹತ್ರ ನಿಲ್ಸಿ. ಅರ್ಧ ಗಂಟೆ."

ನಿಲ್ಲಿಸಿದರು. ಎಲ್ಲರೂ ಇಳಿದರು. ಕನ್ನಡಕದವನು ಸುತ್ತಲೂ ನೋಡಿದ. ಮರ, ಕಾಲುವೆ, ಕಲ್ಲುತೊಟ್ಟಿ. ತೊಟ್ಟಿಯಲ್ಲಿ ಮಳೆನೀರು, ಅದರ ಮೇಲೆ ಹುಣಸೆ ಎಲೆ. ಅವನು ಏನೋ ಕೇಳಿದ. ಇಲ್ಲಿ ಏನಿದೆ ಅಂತ ಕೇಳಿದ್ದು ಅಂತ ನನಗೆ ಅವನ ಮುಖದಲ್ಲೇ ಗೊತ್ತಾಯಿತು.

ಚಂದ್ರಮತಿ ಪ್ರವಾಹದ ಕಥೆ ಹೇಳಿದಳು. ತಾತನ ಬಾಯಲ್ಲಿ ಅರ್ಧ ಗಂಟೆ ಬರುತ್ತಿದ್ದ ಕಥೆ ಅವಳ ಇಂಗ್ಲಿಷಿನಲ್ಲಿ ನಾಲ್ಕು ನಿಮಿಷಕ್ಕೆ ಮುಗಿದುಹೋಯಿತು. ಅವಳು ಹಾಳೆ ತಿರುವಿದಳು. ಹಿಂದಕ್ಕೆ ತಿರುವಿದಳು. ಎರಡು ಗೆರೆ ಎಳೆದ ಮುಖ್ಯ ಸ್ಥಳ ಅಲ್ಲೇ ಇತ್ತು, ಅದರ ಕೆಳಗೆ ಇನ್ನೇನೂ ಇರಲಿಲ್ಲ. ಕನ್ನಡಕದವನು ಗಡಿಯಾರ ನೋಡಿದ.

ಯಜಮಾನರಿಗೆ ತಡೆಯಲಾಗಲಿಲ್ಲ. "ಅಯ್ಯೋ ನಿನ್ನ! ಇದು ಕುದ್ರೆ ನೀರು ಕುಡ್ಯೋ ತೊಟ್ಟಿ ಕಣೇ! ಮೋತಿ ಸುಧಾರಿಸ್ಕೊಳ್ಳೋಗಂಟ ಗಿರಾಕಿ ಎದ್ದೋಗದಂಗೆ ನಿಮ್ಮ ತಾತ ಕಥೆ ಹೇಳ್ತಿದ್ದಿದ್ದು! ಆ ಪ್ರವಾಹದ ದಿನ ಅಪ್ಪ ಇಲವಾಲದ ನೆಂಟರ ಮನೇಲಿ ಉಂಡ್ಕೊಂಡಿದ್ದ. ಸೇತುವೆ ಹತ್ರ ಇಳಿಸ್ತಿದ್ದಿದ್ದೂ ಕುದ್ರೆಗೆ ಭಾರ ಆಗ್ತದೆ ಅಂತ. ಕಾರಿಗೆ ಯಾರು ನೀರು ಕುಡಿಸ್ತಾರೆ? ನಾನು ಕುಡಿಸ್ಲಾ?"

ಕನ್ನಡ ಬಾರದಿದ್ದರೂ ಬೈಗುಳ ಯಾರಿಗೆ ತಿಳಿಯುವುದಿಲ್ಲ? ಬೊಂಬಾಯಿಯವರು ಅಪ್ಪ ಮಗಳನ್ನು ಬಿಟ್ಟ ಕಣ್ಣು ಬಿಟ್ಟ ಹಾಗೇ ನೋಡಿದರು. ಚಂದ್ರಮತಿಯ ಮುಖ ಬಿಳಿಚಿತು. ನನ್ನ ಕಣ್ಣ ಮುಂದೆ ಹೂಟಗಳ್ಳಿಯವಳ ಕಾಫಿ ಲೋಟ ಬಂದು ನಿಂತಿತು.

"ಬಾಯಿ ಮುಚ್ರಿ" ಅಂದೆ ಯಜಮಾನರಿಗೆ. ಹದಿನೆಂಟು ವರ್ಷದ ಮಗಳ ಎದುರಿಗೆ, ಪರಸ್ಥಳದವರ ಎದುರಿಗೆ ಅಂದೆ. ಅನ್ನಬಾರದಿತ್ತು ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಚಂದ್ರಮತಿ ನೋಟ್‌ಬುಕ್ ಮುಚ್ಚಿದಳು. ಕನ್ನಡಕದವನ ಕಡೆ ತಿರುಗಿ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಏನು ಹೇಳಿದಳು ಅಂತ ನನಗೆ ಆಮೇಲೆ ತಿಳಿಸಿದಳು. "ಇಲ್ಲಿ ನೋಡೋದಕ್ಕೆ ಏನೂ ಇಲ್ಲ. ನಮ್ಮ ತಾತ ನಲವತ್ತು ವರ್ಷ ಜಟಕಾದಲ್ಲಿ ಈ ಊರು ತೋರಿಸಿದರು. ಅವರ ಕುದುರೆ ಇಲ್ಲಿ ನೀರು ಕುಡಿಯುತ್ತಿತ್ತು. ನನಗೆ ಅದು ಗೊತ್ತಾಗದೆ ದೊಡ್ಡ ಜಾಗ ಅಂತ ಬರೆದುಕೊಂಡೆ. ತಪ್ಪು ನನ್ನದು. ನಿಮಗೆ ಇಷ್ಟವಿಲ್ಲದಿದ್ದರೆ ಈಗಲೇ ಹೊರಡೋಣ."

ಕನ್ನಡಕದವನು ಹೊರಡುವುದಕ್ಕೇ ತಿರುಗಿದ. ಆದರೆ ಅವನ ತಾಯಿ ಎಲ್ಲಿ? ಮುದುಕಮ್ಮ ಆಗಲೇ ತೊಟ್ಟಿಯ ಅಂಚಿನ ಮೇಲೆ ಕೂತು, ಚಪ್ಪಲಿ ಬಿಟ್ಟು, ಎರಡೂ ಮಂಡಿ ಒತ್ತಿಕೊಳ್ಳುತ್ತಿದ್ದಳು. ಬೆಳಗ್ಗಿಂದ ಒಂದು ಮಾತು ಆಡಿರಲಿಲ್ಲ. ದೇವಸ್ಥಾನ, ಕೋಟೆ, ಅರಮನೆ ಅಂತ ಮಗನ ಹಿಂದೆ ನಡೆದದ್ದೇ. ಈಗ ಸೊಸೆಯನ್ನು ಏನೋ ಕೇಳಿದಳು. ಸೊಸೆ ಅವರ ಮಾತಿನಲ್ಲಿ ತಿಳಿಸಿ ಹೇಳಿದಳು. ಕುದುರೆ ಅನ್ನುವುದನ್ನು ಕೈಯಲ್ಲೂ ಮಾಡಿ ತೋರಿಸಿದಳು.

ಮುದುಕಮ್ಮ ನಕ್ಕಳು ನೋಡಿ! ಬಾಯಲ್ಲಿ ಇದ್ದದ್ದು ಎರಡೇ ಹಲ್ಲು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಪಕ್ಕದ ಕಲ್ಲನ್ನು ಅಂಗೈಯಿಂದ ತಟ್ಟಿ ನನ್ನನ್ನು ಕರೆದಳು. ನಾನು ಹೋಗಿ ಕೂತೆ. ಕ್ಯಾನಿನಿಂದ ಮಜ್ಜಿಗೆ ಬಗ್ಗಿಸಿ ಕೊಟ್ಟೆ, ಬುಟ್ಟಿಯಿಂದ ಕೋಡುಬಳೆ ತೆಗೆದೆ. ಅವಳು ಎರಡು ಹಲ್ಲಿನಲ್ಲೇ ಕೋಡುಬಳೆ ಮುರಿದಳು. ನಾನು ಕನ್ನಡದಲ್ಲಿ, ಅವಳು ಅವಳ ಭಾಷೆಯಲ್ಲಿ, ಮಂಡಿನೋವಿನ ವಿಷಯ ಪೂರ್ತಿ ಮಾತಾಡಿದೆವು. ಅವಳಿಗೆ ಎಡಗಾಲು, ನನಗೆ ಬಲಗಾಲು. ಅಷ್ಟು ಹೊತ್ತಿಗೆ ಸೊಸೆಯೂ ಬಂದು ಕೂತಳು. ಕನ್ನಡಕದವನು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಕರವಸ್ತ್ರ ಹಾಸಿ ಮರದ ಬುಡದಲ್ಲಿ ಕೂತ. ಕೂತವನು ಹಾಗೇ ಕಣ್ಣು ಮುಚ್ಚಿ ಗೊರಕೆ ಹೊಡೆದ.

ಯಜಮಾನರು ಅರ್ಧ ಗಂಟೆಗೆ ಸರಿಯಾಗಿ ಹಾರ್ನ್ ಹೊಡೆದರು. ಮುದುಕಮ್ಮ ನೊಣ ಓಡಿಸುವ ಹಾಗೆ ಅವರ ಕಡೆ ಕೈ ಬೀಸಿದಳು.

ಅಲ್ಲಿಂದ ಎದ್ದಾಗ ಮುಕ್ಕಾಲು ಗಂಟೆ ಮೇಲಾಗಿತ್ತು. ಗುಂಬಜ್, ಸಂಗಮ ಮುಗಿಸಿ ಲಾಡ್ಜಿಗೆ ಬಂದಾಗ ಸಂಜೆ ಐದೂವರೆ. ಕನ್ನಡಕದವನು ಚೆನ್ನಾಗಿತ್ತು ಅನ್ನಲಿಲ್ಲ, ಕೆಟ್ಟದ್ದು ಅಂತಲೂ ಅನ್ನಲಿಲ್ಲ. ಒಂದು ಸಲ ತಲೆ ಅಲ್ಲಾಡಿಸಿ ಒಳಗೆ ಹೋಗಿಬಿಟ್ಟ.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಾಡಿದ್ದು ಮಾವ.

"ತೊಟ್ಟಿ ಗುಟ್ಟು ಹೇಳ್ಬುಟ್ಟಾ? ನಲವತ್ತು ವರ್ಸ ಕಣೇ! ದೊಡ್ ದೊಡ್ ಆಫೀಸರ್‌ಗಳನ್ನ ಕೂರ್ಸಿವ್ನಿ ಅಲ್ಲಿ. ಕುದ್ರೆಗೋಸ್ಕರ ಕೂತಿವ್ನಿ ಅಂತ ಒಬ್ನಿಗೂ ಗೊತ್ತಾಗ್ಲಿಲ್ಲ. ನೀನು ಒಂದೇ ದಿನಕ್ಕೆ ಬೊಂಬಾಯಿಗಂಟ ಹೇಳ್ಕಳ್ಸ್ದೆ!"

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ ತಾತ?"

"ಕುದ್ರೆ ಕುಡ್ಯೋದು ನಿನ್ನ ಕಣ್ಣಿಗೆ ಕಾಣ್ನಿಲ್ವಾ? ಬರ್ಯೋದ್ರಲ್ಲೇ ತಲೆ ಬಗ್ಗಿಸ್ಕೊಂಡಿದ್ರೆ?"

ಅವಳು ಅವತ್ತು ಮೊದಲನೇ ಸಲ ಅತ್ತಳು. ಅತ್ತುಕೊಂಡೇ ಕುದುರೆಗೆ ಹುರುಳಿ ಹಾಕಿ ಬಂದಳು. ಯಜಮಾನರು ಪೆಟ್ಟಿಗೆಯಿಂದ ಬಿಳಿ ಪಂಚೆ, ಶರಟು ತೆಗೆದು ಗೂಟಕ್ಕೆ ಹಾಕಿದರು. ಹೂಟಗಳ್ಳಿಗೆ ಹೋಗುವ ಬಟ್ಟೆ. ಮಾತು ಮಾತೇ, ಒಪ್ಪಿಕೊಂಡವಳು ಅವಳು.

ಮಾರನೇ ಬೆಳಗ್ಗೆ ಯಜಮಾನರು ಆ ಬಟ್ಟೆ ಹಾಕಿಕೊಂಡು, ಕಾರಿನ ಗಾಜು ಒರೆಸುವ ನೆವದಲ್ಲಿ ಬೀದಿಯಲ್ಲಿ ಹೊತ್ತು ಕಳೆಯುತ್ತಿದ್ದರು. ಅಷ್ಟರಲ್ಲಿ ವೆಂಕಟಸುಬ್ಬಯ್ಯ ಕೊಡೆ ಹಿಡಿದು ನಡೆದುಕೊಂಡೇ ಬಂದರು. ಅವರು ನಮ್ಮ ಬೀದಿಗೆ ಬಂದದ್ದು ಅದೇ ಮೊದಲು.

"ಎಲ್ರೀ ಅದು, ಕುದುರೆ?" ಅಂದರು.

"ಯಾವ ಕುದುರೆ ಸ್ವಾಮಿ?" ಅಂದರು ಯಜಮಾನರು.

"ಎಷ್ಟು ಕುದುರೆ ಇದೆಯಯ್ಯಾ ನಿನ್ನ ಹತ್ರ? ಆ ಮುದುಕಮ್ಮ ಬೆಳಗ್ಗೆಯ ಬೆಂಗಳೂರು ರೈಲಿಗೆ ಹೊರಡಲ್ಲ ಅಂತ ಕೂತಿದ್ದಾರೆ. ಆ ತೊಟ್ಟಿಯಲ್ಲಿ ನೀರು ಕುಡಿಯೋ ಕುದುರೆ ನೋಡಬೇಕಂತೆ. ಮಗ ನನ್ನ ಮೇಲೆ ರೇಗ್ತಿದ್ದಾರೆ. ನಾಳೆ ಮತ್ತೆ ಇಡೀ ದಿನ, ಅದೇ ಹುಡುಗಿ, ಅದೇ ಜಾಗ. ಹೆಂಗಸರಿಬ್ಬರೂ ಅವಳನ್ನೇ ಹೊಗಳ್ತಿದ್ದಾರೆ. ಅವಳು ಬರ್ತಾಳೋ ಇಲ್ವೋ ಅಷ್ಟು ಹೇಳಿ."

"ದಸರಾಕ್ಕೆ?" ಅಂದೆ ನಾನು ಬಾಗಿಲಿನಿಂದ.

"ದಸರಾಕ್ಕೂ ಅವಳೇ ಕಣಮ್ಮ. ಬಿ.ಎ. ಹುಡುಗನ್ನ ಕಟ್ಕೊಂಡು ನಾನೇನು ಮಾಡ್ಲಿ? ಅವನಿಗೆ ಕುದುರೆ ಇಲ್ಲ."

ನಾನು ಯಜಮಾನರ ಮುಖ ನೋಡಿದೆ. ಅವರು ಬಿಳಿ ಶರಟಿನ ತೋಳು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಬತ್ತಾಳೆ ಸ್ವಾಮಿ" ಅಂದರು ಕೊನೆಗೆ. "ನಾನು ಕರ್ಕೊಂಡು ಬತ್ತೀನಿ."

ಹೂಟಗಳ್ಳಿಗೆ ನಾನೇ ಹೇಳಿಕಳಿಸಿದೆ, ನಮ್ಮ ಹುಡುಗಿಗೆ ಹೊರಗೆ ಕೆಲಸವಿದೆ, ಹೊಸಲು ದಾಟುವವಳು ನಿಮಗೆ ಬೇಡವಾದರೆ ಬೇರೆ ಕಡೆ ನೋಡಿಕೊಳ್ಳಿ ಅಂತ. ನೋಡಿಕೊಂಡರು. ಸಂತೋಷ.

ಮಾವನನ್ನು ಒಪ್ಪಿಸುವುದೇ ಕಷ್ಟವಾಯಿತು. ಯಜಮಾನರು ಲಾಯದ ಬಾಗಿಲಿನಲ್ಲಿ ನಿಂತು, "ಅಪ್ಪಾ, ನೀನು ಕಾರಲ್ಲಿ ಬಂದ್ಬುಡು, ಕುದ್ರೇನ ಯಾರಾದ್ರೂ ಹೊಡ್ಕೊಂಡು ಬತ್ತಾರೆ" ಅಂದರು. ಮೂರು ವರ್ಷದಲ್ಲಿ ಮೊದಲನೇ ಸಲ ಅಪ್ಪನನ್ನು ಕಾರಿಗೆ ಕರೆದದ್ದು.

"ನಿನ್ನ ಡಬ್ಬಕ್ಕೆ ನಾನು ಹತ್ತಾಕಿಲ್ಲ" ಅಂದರು ಮಾವ. "ಗುಟ್ಟು ಬಯಲಾಯ್ತಲ್ಲ, ಇನ್ನೇನು ನೋಡ್ಬೇಕಂತೆ ಅವ್ಳು?"

ಆದರೆ ಮಾರನೇ ದಿನ ನಾನು ಬೆಳಗ್ಗೆ ಐದಕ್ಕೆ ಎದ್ದು ನೋಡಿದರೆ ಲಾಯ ಖಾಲಿ. ಗೂಟದಲ್ಲಿ ಕರಿ ಕೋಟು ಇರಲಿಲ್ಲ. ಯಜಮಾನರೂ ಬಂದು ನೋಡಿದರು. ಅಷ್ಟು ವರ್ಷ ಅವರು ಕೇಳಿದ ಜಾಗ ಖಾಲಿ ಬಿದ್ದಿತ್ತು. ಕಾರು ತಂದು ನಿಲ್ಲಿಸಲಿಲ್ಲ. ಪೊರಕೆ ತೆಗೆದುಕೊಂಡು ಲಾಯ ಗುಡಿಸಿ, ಹೊಸ ಹುಲ್ಲು ಹಾಸಿ, ಯಾರೂ ನೋಡಲಿಲ್ಲ ಅಂದುಕೊಂಡು ಹೊರಗೆ ಹೋದರು.

ಅವತ್ತು ಗಂಜಾಮಿನ ದಾರಿಗೆ ನಮ್ಮ ಕಾರು ಬಂದಾಗ ದೂರದಿಂದಲೇ ಕಂಡಿತು. ಹುಣಸೆಮರದ ಕೆಳಗೆ ಜಟಕಾ, ಅದಕ್ಕೆ ಕಾಗದದ ಹೂವು. ಮೋತಿ ತೊಟ್ಟಿಗೆ ಮೂತಿ ಇಟ್ಟು ಸೊರಸೊರ ನೀರು ಹೀರುತ್ತಿತ್ತು. ಪಕ್ಕದಲ್ಲಿ ಮಾವ ಕರಿ ಕೋಟು, ಬಿಳಿ ರುಮಾಲಿನಲ್ಲಿ ಪಟ್ಟಾಗಿ ನಿಂತಿದ್ದರು. ನಾವು ಬಂದದ್ದು ಗೊತ್ತೇ ಇಲ್ಲ ಅನ್ನುವ ಹಾಗೆ ಬಾರು ಸರಿಮಾಡುತ್ತಿದ್ದರು.

ಮುದುಕಮ್ಮ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದಳು. ನೇರ ಹೋಗಿ ಮೋತಿಯ ಕುತ್ತಿಗೆ ತಟ್ಟಿದಳು. ಆಮೇಲೆ ಜಟಕಾದ ಕಡೆ ಬೆರಳು ತೋರಿಸಿದಳು.

ಮಾವ ಸೊಂಟ ಬಗ್ಗಿಸಿ, "ಬನ್ನಿ ತಾಯಿ, ಹತ್ತಿ" ಅಂದರು. ಚಂದ್ರಮತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು, ಸೊಸೆ ಅವರ ಭಾಷೆಯಲ್ಲಿ ಹೇಳಿದಳು. ಅಷ್ಟರಲ್ಲಿ ಮುದುಕಮ್ಮ ಹತ್ತಿ ಕೂತಾಗಿತ್ತು.

ಕನ್ನಡಕದವನು ಗಡಿಯಾರ ನೋಡಿ ಯಜಮಾನರಿಗೆ ಸನ್ನೆ ಮಾಡಿದ. ಯಜಮಾನರು ಹಾರ್ನ್ ಮೇಲೆ ಕೈ ಇಟ್ಟರು.

"ಚಂದ್ರಿ" ಅಂದರು ಮಾವ, ಮಗನ ಕಡೆ ನೋಡದೆ. "ಮೋತಿ ಇನ್ನೂ ಕುಡೀತಾ ಅದೆ. ಅರ್ಧ ಗಂಟೆ ಅಂದ್ರೆ ಅರ್ಧ ಗಂಟೆ. ನಿಮ್ಮಪ್ಪ ಎಷ್ಟು ಬಡ್ಕೊಂಡ್ರೂ ಏಳ್ಬ್ಯಾಡ. ಪ್ರವಾಹದ ಕಥೆ ತೆಗಿ."

"ಅದು ಸುಳ್ಳಲ್ವಾ ತಾತ?"

"ನೀರು ಬಂದಿದ್ದು ಸುಳ್ಳಾ? ಮರ ಇರೋದು ಸುಳ್ಳಾ? ನಾನು ಒಬ್ಬ ಇರ್ಲಿಲ್ಲ, ಅಷ್ಟೇ ತಾನೆ. ತೆಗಿ."

ಯಜಮಾನರು ಹಾರ್ನಿನಿಂದ ಕೈ ತೆಗೆದು, ಕಾರಿನಿಂದ ಇಳಿದು ಬಂದು, ತೊಟ್ಟಿಯ ಅಂಚಿನ ಮೇಲೆ ನನ್ನ ಪಕ್ಕದಲ್ಲಿ ಕೂತರು. ನಾನು ಮಜ್ಜಿಗೆ ಬಗ್ಗಿಸಿ ಕೊಟ್ಟೆ.